ಮಿದುಳಿನ ಉಳಿದರ್ಧ

ಅಮೆರಿಕದ ವರ್ಜೀನಿಯಾದಲ್ಲಿರುವ ಜನೇಲಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಜೀಬ್ರಾಮೀನಿನ ಮರಿಗಳಿಗೆ ಒಂದು ಸಣ್ಣ ಮೋಸ ಮಾಡಿದರು. ಈ ಮರಿ ಅರ್ಧ ಸೆಂಟಿಮೀಟರಿನಷ್ಟೂ ಉದ್ದವಿಲ್ಲ, ಮೈಯೆಲ್ಲ ಪಾರದರ್ಶಕ. ಜೀವಂತವಾಗಿರುವಾಗಲೇ ಅದರ ಇಡೀ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಮರಿಯನ್ನು ಅಲುಗದಂತೆ ಹಿಡಿದಿಟ್ಟು, ಅದರ ಕೆಳಗೆ ಪಟ್ಟೆಗಳ ಚಿತ್ರವೊಂದನ್ನು ಹರಿಯಬಿಟ್ಟರು. ಮೀನು ಈಜಲು ಯತ್ನಿಸಿದಾಗ ಪಟ್ಟೆಗಳು ಹಿಂದೆ ಸರಿದರೆ ತಾನು ಮುಂದೆ ಸಾಗಿದೆನೆಂದು ಅದು ನಂಬುತ್ತದೆ. ಆಮೇಲೆ ಆ ನಂಟನ್ನು ಕಡಿದರು. ಈಗ ಎಷ್ಟು ಈಜಿದರೂ ದೃಶ್ಯ ಕದಲುವುದಿಲ್ಲ.

ಮೀನು ಮೊದಲು ಇನ್ನಷ್ಟು ಬಿರುಸಾಗಿ ಬಾಲ ಬಡಿಯಲು ನೋಡಿತು. ಸ್ವಲ್ಪ ಹೊತ್ತಿನಲ್ಲೇ ಸೋತು ಸುಮ್ಮನಾಯಿತು. ಮತ್ತೆ ಕೆಲಹೊತ್ತಿಗೆ ಯತ್ನ ಶುರುವಿಟ್ಟುಕೊಂಡಿತು.

"ಇನ್ನು ಸಾಕು" ಎಂಬ ಈ ತೀರ್ಮಾನ ಮಿದುಳಿನ ಯಾವ ಕೋಶಗಳಲ್ಲಿ ರೂಪುಗೊಳ್ಳುತ್ತದೆ? 2019ರಲ್ಲಿ ಪ್ರಕಟವಾದ ಉತ್ತರ ಹಲವರ ಹುಬ್ಬೇರಿಸಿತು. ಯತ್ನ ವಿಫಲವಾದಾಗಲೆಲ್ಲ ಕೆಲವು ನರಕೋಶಗಳು ನಾರ್ ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತಿದ್ದವು. ಆದರೆ ಆ ಸೋಲುಗಳ ಲೆಕ್ಕವನ್ನು ಕೂಡಿಸುತ್ತ ಹೋದದ್ದು ನರಕೋಶಗಳಲ್ಲ, ಪಕ್ಕದ ಗ್ಲಿಯಾ ಕೋಶಗಳು. ಒಂದೊಂದು ಸೋಲಿಗೂ ಅವುಗಳ ಒಳಗೆ ಕ್ಯಾಲ್ಸಿಯಂ ಏರುತ್ತಿತ್ತು. ಒಂದು ಮಟ್ಟ ಮುಟ್ಟಿದೊಡನೆ ಅವು ಈಜುವಿಕೆಯನ್ನು ತಡೆಯುವ ನರಕೋಶಗಳನ್ನು ಎಚ್ಚರಿಸುತ್ತಿದ್ದವು. ಗ್ಲಿಯಾಗಳನ್ನು ನಿಷ್ಕ್ರಿಯಗೊಳಿಸಿದಾಗ ಮೀನು ಪಟ್ಟು ಬಿಡದೆ ಈಜಲು ಯತ್ನಿಸುತ್ತಲೇ ಇತ್ತು. ಅವುಗಳನ್ನೇ ಕೃತಕವಾಗಿ ಪ್ರಚೋದಿಸಿದಾಗ ಕಾರಣವಿಲ್ಲದೆ ಸುಮ್ಮನಾಯಿತು.

ಮಿದುಳು ಎಂದರೆ ನರಕೋಶ, ನರಕೋಶ ಎಂದರೆ ವಿದ್ಯುತ್ ಸಂಕೇತ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಒಗಟಿನಂತೆ ಕಾಣುತ್ತದೆ. ಗ್ಲಿಯಾಗಳನ್ನು ಪಠ್ಯಪುಸ್ತಕಗಳು ಬಹುಕಾಲ ಒಂದೆರಡು ಪುಟದಲ್ಲಿ ಮುಗಿಸುತ್ತಿದ್ದವು. ನರಕೋಶಗಳ ನಡುವಿನ ಸಂದುಗಳನ್ನು ತುಂಬುವ, ಅವುಗಳಿಗೆ ಆಸರೆ ಕೊಡುವ ಕೋಶಗಳು ಎಂಬುದಷ್ಟೇ ಅವುಗಳ ಪರಿಚಯ. ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ 1850ರ ದಶಕದಲ್ಲಿ ಅವುಗಳನ್ನು ನರಗಳ ಅಂಟು ಎಂದು ಬಣ್ಣಿಸಿದ. ವಿಜ್ಞಾನ ಆ ವರ್ಣನೆಯಿಂದ ಹೊರಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ಆಯಾ ಕಾಲದ ಉಪಕರಣಕ್ಕೆ ಏನು ಕಂಡಿತೋ ಅದನ್ನೇ ಆಯಾ ಕಾಲ ಮಿದುಳು ಎಂದು ಕರೆಯಿತು. ಗ್ಲಿಯಾಗಳ ಚರಿತ್ರೆಯನ್ನು ಬಣ್ಣಗಳ, ವಿದ್ಯುದ್ವಾರಗಳ, ಸೂಕ್ಷ್ಮದರ್ಶಕಗಳ ಚರಿತ್ರೆಯಾಗಿಯೇ ಓದಬೇಕು.

ಇಟಲಿಯ ಕ್ಯಾಮಿಲೊ ಗಾಲ್ಗಿ 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳನ್ನು ಕಪ್ಪಾಗಿಸುವ ವಿಧಾನ ಕಂಡುಹಿಡಿದ. ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ತಿದ್ದಿ ತೀಡಿ, ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಜಾಲವಲ್ಲ, ಬಿಡಿಬಿಡಿ ಘಟಕಗಳು ಎಂದು ತೋರಿಸಿದ. ಇಬ್ಬರಿಗೂ 1906ರ ನೊಬೆಲ್ ಒಟ್ಟಿಗೆ ಬಂತು, ಅಭಿಪ್ರಾಯ ಮಾತ್ರ ಕೊನೆಯವರೆಗೂ ಒಂದಾಗಲಿಲ್ಲ. 1913ರಲ್ಲಿ ಕಹಾಲ್ ಚಿನ್ನದ ಕ್ಲೋರೈಡ್ ಬಳಸಿ ಮತ್ತೊಂದು ಬಣ್ಣದ ವಿಧಾನ ರೂಪಿಸಿದ. ಆಗ ಕವಲುಗಳನ್ನು ಸುತ್ತಲೂ ಚಾಚಿದ, ನಕ್ಷತ್ರಾಕಾರದ ಕೋಶಗಳು ನಿಚ್ಚಳವಾಗಿ ಎದ್ದು ಕಂಡವು. ಇವೇ ಆಸ್ಟ್ರೋಸೈಟ್‌ಗಳು. ಇನ್ನೂ ಒಂದು ಬಗೆಯ ಕೋಶಗಳಿದ್ದವು. ಅವುಗಳ ಕವಲುಗಳಿಗೆ ಚಿನ್ನದ ಬಣ್ಣ ಹಿಡಿಯಲಿಲ್ಲ. ಹಾಗಾಗಿ ಕವಲಿಲ್ಲದಂತೆ ಕಂಡ ಈ ಕೋಶಗಳನ್ನು ಕಹಾಲ್ "ಮೂರನೆಯ ಘಟಕ" ಎಂದು ಕರೆದು ಬಿಟ್ಟ.

ಆ ಮೂರನೆಯ ಘಟಕದ ಗುಟ್ಟು ಬಿಡಿಸಿದವನು ಕಹಾಲ್ ಇದ್ದ ಮ್ಯಾಡ್ರಿಡ್‌ನ ಕಿರಿಯ ಸಂಶೋಧಕ ಪಿಯೊ ದೆಲ್ ರಿಯೊ ಒರ್ತೇಗಾ. ಬೆಳ್ಳಿಯ ಕಾರ್ಬೊನೇಟಿನಿಂದ ತಾನೇ ಸಿದ್ಧಪಡಿಸಿದ ಬಣ್ಣದಲ್ಲಿ ಅವನಿಗೆ ಒಂದರ ಬದಲು ಎರಡು ಬಗೆಯ ಕೋಶಗಳು ಕಂಡವು. ಎರಡಕ್ಕೂ ಕವಲುಗಳಿದ್ದವು. ಒಂದು ಬಗೆಗೆ 1919ರಲ್ಲಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟ. ಗಾಯವಾದ ಜಾಗಕ್ಕೆ ಇವು ಸಾಗಿಹೋಗುತ್ತವೆ, ಅಲ್ಲಿನ ಕಸ ನುಂಗುತ್ತವೆ, ಮೂಲದಲ್ಲಿ ಮಿದುಳಿನವೇ ಅಲ್ಲ, ಹೊರಗಿನಿಂದ ಒಳಸೇರಿದವು ಎಂದೂ ಹೇಳಿದ. ಇನ್ನೊಂದು ಬಗೆ ಆಲಿಗೋಡೆಂಡ್ರೋಸೈಟ್.

ಗುರುಸಮಾನನಾದ ಕಹಾಲ್‌ಗೆ ಇದು ಹಿಡಿಸಲಿಲ್ಲ. ಇಬ್ಬರ ನಡುವೆ ಮೊದಲೇ ಇದ್ದ ಇರುಸುಮುರುಸು ಬೆಳೆದು, 1920ರಲ್ಲಿ ಒರ್ತೇಗಾ ಕಹಾಲ್‌ನ ಪ್ರಯೋಗಾಲಯದಿಂದ ಹೊರಬೀಳಬೇಕಾಯಿತು. ಮೈಕ್ರೋಗ್ಲಿಯಾವನ್ನು ಒಪ್ಪಿದ ಕಹಾಲ್ ಆಲಿಗೋಡೆಂಡ್ರೋಸೈಟ್ ವಿಷಯದಲ್ಲಿ ಅನುಮಾನ ಬಿಡಲಿಲ್ಲ. 1924ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಯುವ ಶಸ್ತ್ರವೈದ್ಯ ಅಟ್ಲಾಂಟಿಕ್ ದಾಟಿ ಮ್ಯಾಡ್ರಿಡ್‌ಗೆ ಬಂದು, ಒರ್ತೇಗಾನ ಬಳಿ ಬಣ್ಣ ಹಾಕುವುದನ್ನು ಕಲಿತು, ಅವನು ಹೇಳಿದ್ದು ಸರಿ ಎಂದು ಖಚಿತಪಡಿಸಿದ. ಒರ್ತೇಗಾನ ಹೆಸರು ನೊಬೆಲ್‌ಗೆ ಸೂಚಿತವಾಯಿತು, ಬಹುಮಾನ ಬರಲಿಲ್ಲ. ಸ್ಪೇನಿನ ಅಂತರ್ಯುದ್ಧ ಅವನನ್ನು ದೇಶ ಬಿಡಿಸಿತು. ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ನೆಲೆ ಹುಡುಕಿ, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡ.

ಅಷ್ಟರಲ್ಲಿ ನರವಿಜ್ಞಾನದ ಕಿವಿ ಬೇರೆ ಕಡೆ ತಿರುಗಿತ್ತು. ಒಂದೇ ಒಂದು ನರತಂತುವಿನ ವಿದ್ಯುತ್ ಮಿಡಿತವನ್ನು ದಾಖಲಿಸುವುದು ಸಾಧ್ಯವಾಗಿತ್ತು. 1952ರಲ್ಲಿ ವಿಜ್ಞಾನಿಗಳಾದ ಹಾಜ್ಕಿನ್ ಮತ್ತು ಹಕ್ಸ್ಲಿ ಆ ಮಿಡಿತದ ಗಣಿತವನ್ನೇ ಬರೆದಿಟ್ಟರು. ವಿದ್ಯುದ್ವಾರ ಚುಚ್ಚಿದರೆ ನರಕೋಶ ಮಿಡಿಯುತ್ತದೆ, ಗ್ಲಿಯಾ ಮಿಡಿಯುವುದಿಲ್ಲ. ಮಿಡಿಯದ್ದು ಮಾತಾಡದು ಎಂದು ತೀರ್ಮಾನವಾಯಿತು. 1966ರಲ್ಲಿ ಹಾರ್ವರ್ಡ್‌ನ ಸ್ಟೀಫನ್ ಕಫ್ಲರ್ ತಂಡ, ನರಗಳು ಚುರುಕಾದಾಗ ಹೊರಸೂಸುವ ಪೊಟ್ಯಾಸಿಯಂಗೆ ಗ್ಲಿಯಾಗಳ ವೋಲ್ಟೇಜ್ ಬದಲಾಗುತ್ತದೆ ಎಂದು ತೋರಿಸಿದರೂ ಹೆಚ್ಚಿನವರು ಅದನ್ನು ಅಡಿಟಿಪ್ಪಣಿಯಾಗಿಯೇ ಓದಿದರು.

ಚಿತ್ರ ಬದಲಾದದ್ದು 1990ರಲ್ಲಿ. ಕ್ಯಾಲ್ಸಿಯಂ ಇದ್ದಲ್ಲಿ ಬೆಳಗುವ ಬಣ್ಣಗಳು ಆ ಹೊತ್ತಿಗೆ ಸಿದ್ಧವಾಗಿದ್ದವು. ಆನ್ ಕಾರ್ನೆಲ್-ಬೆಲ್ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಿಗೆ ಗ್ಲುಟಮೇಟ್ ಹಾಕಿದರು. ನರಕೋಶಗಳು ಪರಸ್ಪರ ಸಂದೇಶ ಸಾಗಿಸಲು ಬಳಸುವ ರಾಸಾಯನಿಕ ಅದು. ತಟ್ಟೆಯಲ್ಲಿ ಕ್ಯಾಲ್ಸಿಯಂನ ಅಲೆಯೊಂದು ಎದ್ದು ಕೋಶದಿಂದ ಕೋಶಕ್ಕೆ ಹಬ್ಬಿತು. ವಿದ್ಯುತ್ತಿನಲ್ಲಿ ಮೂಕವಾಗಿದ್ದ ಕೋಶಗಳು ರಾಸಾಯನಿಕದಲ್ಲಿ ಗಲಗಲ ಮಾತಾಡುತ್ತಿದ್ದವು.

ಹಾಗಾದರೆ ಇವು ಎಷ್ಟಿವೆ? ನರಕೋಶ ಒಂದಾದರೆ ಗ್ಲಿಯಾ ಹತ್ತು ಎಂದು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಿತ್ತು. ಬ್ರೆಜಿಲ್‌ನ ಸುಜಾನಾ ಎರ್ಕುಲಾನೊ-ಹೌಜೆಲ್ ಮತ್ತು ಸಹೋದ್ಯೋಗಿಗಳು ತಾವೇ ಎಣಿಸಿದರು. ಮಿದುಳಿನ ಅಂಗಾಂಶವನ್ನು ಸಾರಿನಂತೆ ಏಕಸಮವಾಗಿ ಕದಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸುವ ಅವರ ವಿಧಾನ ಸರಳ, ಫಲಿತಾಂಶ ನೇರ. 2009ರಲ್ಲಿ ಅವರು ಪ್ರಕಟಿಸಿದ ಅಂಕಿಯ ಪ್ರಕಾರ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಸುಮಾರು 8,500 ಕೋಟಿ ಬೇರೆ ಕೋಶಗಳಿವೆ. ಈ ಬೇರೆ ಕೋಶಗಳಲ್ಲಿ ರಕ್ತನಾಳದವೂ ಸೇರಿವೆ. ಅಂದರೆ ಗ್ಲಿಯಾ ಹೆಚ್ಚೆಂದರೆ ಅರ್ಧ. ಈ ಅರ್ಧವೂ ಎಲ್ಲೆಡೆ ಸಮನಾಗಿಲ್ಲ. ಕಿರುಮಿದುಳಿನಲ್ಲಿ 6,900 ಕೋಟಿ ನರಕೋಶಗಳಿಗೆ ಇತರ ಕೋಶಗಳು 1,600 ಕೋಟಿ ಮಾತ್ರ. ಯೋಚನೆ, ಭಾಷೆ, ನೆನಪುಗಳ ನೆಲೆಯಾದ ಮಹಾಮಿದುಳಿನ ತೊಗಟೆ ಮತ್ತು ಅದರಡಿಯ ಬಿಳಿಭಾಗದಲ್ಲಿ ಲೆಕ್ಕ ತಿರುಗುಮುರುಗು: 1,600 ಕೋಟಿ ನರಕೋಶ, 6,100 ಕೋಟಿ ಇತರೆ.

ಈ ಲೆಕ್ಕಕ್ಕೆ ಮುಂಚೆ ಐನ್‌ಸ್ಟೈನ್‌ನ ಮಿದುಳಿನ ಕಥೆಯೊಂದು ಜನಪ್ರಿಯವಾಗಿತ್ತು. 1955ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಶವಪರೀಕ್ಷೆ ಮಾಡಿದ ವೈದ್ಯ ಥಾಮಸ್ ಹಾರ್ವೆ ಮಿದುಳನ್ನು ತೆಗೆದಿಟ್ಟುಕೊಂಡಿದ್ದರು. ಅದರ ನಾಲ್ಕು ತುಣುಕುಗಳನ್ನು ಪರೀಕ್ಷಿಸಿದ ಬರ್ಕ್ಲಿಯ ಮೇರಿಯನ್ ಡೈಮಂಡ್ 1985ರಲ್ಲಿ, ಒಂದು ತುಣುಕಿನಲ್ಲಿ ನರಕೋಶಕ್ಕೆ ಹೋಲಿಸಿದರೆ ಗ್ಲಿಯಾಗಳ ಪ್ರಮಾಣ ಹೆಚ್ಚು ಎಂದು ವರದಿ ಮಾಡಿದರು. ಹೋಲಿಕೆಗೆ ಇದ್ದದ್ದು ಹನ್ನೊಂದು ಮಿದುಳುಗಳು. ಉಳಿದ ಮೂರು ತುಣುಕುಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಪ್ರತಿಭೆ ಗ್ಲಿಯಾದಲ್ಲಿದೆ ಎನ್ನಲು ಇಷ್ಟು ಸಾಲದು. ಆದರೂ ಆ ವರದಿ ಒಂದಿಷ್ಟು ಜನರ ಗಮನವನ್ನು ಈ ಕೋಶಗಳತ್ತ ಸೆಳೆದದ್ದು ನಿಜ.

ಗಟ್ಟಿ ಸಾಕ್ಷ್ಯ ಬಂದದ್ದು ಸ್ಟ್ಯಾನ್‌ಫರ್ಡ್‌ನ ಬೆನ್ ಬಾರೆಸ್‌ರ ಪ್ರಯೋಗಾಲಯದಿಂದ. ಅವರು ಇಲಿಯ ಕಣ್ಣಿನ ಹಿಂಪರದೆಯಿಂದ ನರಕೋಶಗಳನ್ನು ಬೇರ್ಪಡಿಸಿ, ಗ್ಲಿಯಾದ ಸೋಂಕೂ ಇಲ್ಲದಂತೆ ಬೆಳೆಸಿದರು. ಕೋಶಗಳು ಬದುಕಿದವು, ಕವಲೊಡೆದವು, ಆದರೆ ಅವುಗಳ ನಡುವೆ ಸಿನಾಪ್ಸ್ ಎಂಬ ಸಂಪರ್ಕ ಬಿಂದುಗಳು ಸರಿಯಾಗಿ ಮೂಡಲಿಲ್ಲ. ಗ್ಲಿಯಾಗಳನ್ನು ಜೊತೆಗಿಟ್ಟಾಗ ಕೆಲಸ ಮಾಡುವ ಸಿನಾಪ್ಸ್‌ಗಳ ಸಂಖ್ಯೆ ಏಳು ಪಟ್ಟು ಹೆಚ್ಚಿತು. 2001ರ ಈ ವರದಿಯ ನಂತರ, ಆಸ್ಟ್ರೋಸೈಟ್‌ಗಳು ಸ್ರವಿಸುವ ಯಾವ ಯಾವ ಪ್ರೋಟೀನುಗಳು ಈ ಕೆಲಸ ಮಾಡುತ್ತವೆ ಎಂಬುದೂ ಒಂದೊಂದಾಗಿ ಗೊತ್ತಾಯಿತು. ಹೆಣ್ಣಾಗಿ ಹುಟ್ಟಿ, ನಲವತ್ತರ ಹರೆಯದಲ್ಲಿ ಗಂಡಾಗಿ ಬದಲಾದ ಬಾರೆಸ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಬಹಿರಂಗ ಟ್ರಾನ್ಸ್‌ಜೆಂಡರ್ ವಿಜ್ಞಾನಿ. 2017ರಲ್ಲಿ ತೀರಿಕೊಳ್ಳುವವರೆಗೂ ಗ್ಲಿಯಾವನ್ನು ಕಡೆಗಣಿಸುವವರ ಜೊತೆ ಅವರ ಜಗಳ ನಿಲ್ಲಲಿಲ್ಲ.

ಆಸ್ಟ್ರೋಸೈಟ್‌ನ ದಿನದ ಕೆಲಸಗಳ ಪಟ್ಟಿ ಉದ್ದವಿದೆ. ಸಿನಾಪ್ಸ್‌ನಲ್ಲಿ ಚೆಲ್ಲಿದ ಗ್ಲುಟಮೇಟನ್ನು ಅದು ಕ್ಷಣಾರ್ಧದಲ್ಲಿ ಹೀರಿಕೊಳ್ಳಬೇಕು. ಹೀರದಿದ್ದರೆ ಅತಿಯಾದ ಪ್ರಚೋದನೆಯಿಂದಲೇ ನರಕೋಶ ಸಾಯುತ್ತದೆ. ಹೆಚ್ಚಾದ ಪೊಟ್ಯಾಸಿಯಂ ತೆಗೆಯಬೇಕು. ತೆಗೆಯದಿದ್ದರೆ ಫಿಟ್ಸ್ ಬರಬಹುದು. ದೇಹತೂಕದ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಆ ಇಂಧನ ರಕ್ತನಾಳದಿಂದ ನರಕೋಶಕ್ಕೆ ಸೇರುವ ದಾರಿಯಲ್ಲೂ ಆಸ್ಟ್ರೋಸೈಟ್ ಇದೆ. ಅದರ ಒಂದು ಕವಲು ರಕ್ತನಾಳವನ್ನು ತಬ್ಬಿದ್ದರೆ ಇನ್ನೊಂದು ಸಿನಾಪ್ಸನ್ನು ಸುತ್ತುವರಿದಿರುತ್ತದೆ. ಮನುಷ್ಯನ ಒಂದೇ ಆಸ್ಟ್ರೋಸೈಟ್ ಇಪ್ಪತ್ತು ಲಕ್ಷದವರೆಗೂ ಸಿನಾಪ್ಸ್‌ಗಳನ್ನು ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿರಬಲ್ಲದು ಎಂಬ ಅಂದಾಜಿದೆ. ಇಲಿಯದ್ದಕ್ಕೆ ಹೋಲಿಸಿದರೆ ಮನುಷ್ಯನ ಆಸ್ಟ್ರೋಸೈಟ್ ಎರಡೂವರೆ ಪಟ್ಟು ಅಗಲ. 2013ರಲ್ಲಿ ಅಮೆರಿಕದ ರಾಚೆಸ್ಟರ್‌ನ ಸ್ಟೀವನ್ ಗೋಲ್ಡ್‌ಮನ್ ಮತ್ತು ಮೈಕೆನ್ ನೆಡರ್ಗಾರ್ಡ್ ತಂಡ ಮನುಷ್ಯನ ಗ್ಲಿಯಾದ ಮೂಲಕೋಶಗಳನ್ನು ಇಲಿಮರಿಗಳ ಮಿದುಳಿಗೆ ಕಸಿಮಾಡಿತು. ಬೆಳೆದ ಮೇಲೆ ಆ ಇಲಿಗಳು ಹಲವು ಕಲಿಕೆಯ ಪರೀಕ್ಷೆಗಳಲ್ಲಿ ಉಳಿದ ಇಲಿಗಳನ್ನು ಹಿಂದೆ ಹಾಕಿದವು.

ಆಲಿಗೋಡೆಂಡ್ರೋಸೈಟ್‌ನ ಕೆಲಸ ಬೇರೆ. ಅದು ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪೊರೆಯನ್ನು ಸುರುಳಿಯಾಗಿ ಸುತ್ತುತ್ತದೆ. ಒಂದೊಂದು ಕೋಶ ಹತ್ತಾರು ತಂತುಗಳ ತುಣುಕುಗಳಿಗೆ ಪೊರೆ ಹೊದಿಸಬಲ್ಲದು. ಮಯಲಿನ್ ಇಲ್ಲದ ಸಣ್ಣ ನರತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಸುಮಾರು ಒಂದು ಮೀಟರ್ ಚಲಿಸಿದರೆ, ದಪ್ಪ ಮಯಲಿನ್ ಇರುವ ತಂತುವಿನಲ್ಲಿ ನೂರು ಮೀಟರ್ ದಾಟಬಹುದು. ಮಯಲಿನ್ ಒಮ್ಮೆ ಹೊದಿಸಿದರೆ ಮುಗಿಯಿತು ಎಂದುಕೊಂಡಿದ್ದ ಕಾಲವೂ ಇತ್ತು. 2014ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಿಚರ್ಡ್‌ಸನ್ ತಂಡ ಇಲಿಗಳಿಗೆ ಅಡ್ಡಕಡ್ಡಿಗಳ ನಡುವಿನ ಅಂತರ ಏರುಪೇರಾಗಿರುವ ಚಕ್ರವೊಂದರ ಮೇಲೆ ಓಡುವುದನ್ನು ಕಲಿಸಿತು. ಹೊಸ ಆಲಿಗೋಡೆಂಡ್ರೋಸೈಟ್‌ಗಳು ಹುಟ್ಟದಂತೆ ವಂಶವಾಹಿ ಬದಲಿಸಿದ್ದ ಇಲಿಗಳು ಆ ಓಟವನ್ನು ಸರಿಯಾಗಿ ಕಲಿಯಲಿಲ್ಲ. ಮೊದಲೇ ಕಲಿತಿದ್ದ ಇಲಿಗಳಲ್ಲಿ ಹೊಸ ಕೋಶ ಹುಟ್ಟುವುದನ್ನು ನಿಲ್ಲಿಸಿದರೂ ಓಟ ಮರೆಯಲಿಲ್ಲ.

ಮೂರನೆಯದಾದ ಮೈಕ್ರೋಗ್ಲಿಯಾದ ವಿಷಯದಲ್ಲಿ ಒರ್ತೇಗಾ ಸರಿಯಾಗಿ ಊಹಿಸಿದ್ದ. ಭ್ರೂಣದ ತೀರ ಆರಂಭದ ದಿನಗಳಲ್ಲಿ, ಅದಕ್ಕಂಟಿದ ಯೋಕ್ ಚೀಲದಲ್ಲಿ ಹುಟ್ಟಿ ಮಿದುಳಿಗೆ ವಲಸೆ ಬರುವ ರಕ್ಷಣಾ ಕೋಶಗಳಿವು ಎಂದು 2010ರಲ್ಲಿ ಖಚಿತವಾಯಿತು. ಗಾಯವಾದಾಗ ಮಾತ್ರ ಎದ್ದು ಬರುವ, ಉಳಿದಂತೆ ಮಲಗಿರುವ ಕೋಶಗಳೆಂದು ಅದಕ್ಕೂ ಮೊದಲು ತಿಳಿದಿದ್ದರು. 2005ರಲ್ಲಿ ಜರ್ಮನಿಯ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಜೀವಂತ ಇಲಿಯ ಮಿದುಳನ್ನು ಹೊಸ ಬಗೆಯ ಲೇಸರ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಲಗಿದ್ದ ಕೋಶ ಒಂದೂ ಇರಲಿಲ್ಲ. ಎಲ್ಲ ಮೈಕ್ರೋಗ್ಲಿಯಾಗಳೂ ಕವಲುಗಳನ್ನು ಚಾಚುತ್ತ, ಹಿಂದೆಳೆದುಕೊಳ್ಳುತ್ತ ಸುತ್ತಲನ್ನು ಬಿಡುವಿಲ್ಲದೆ ತಡಕುತ್ತಿದ್ದವು. ಎಳೆ ಮಿದುಳಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಹುಟ್ಟಿಕೊಂಡ ಸಿನಾಪ್ಸ್‌ಗಳನ್ನು ಕಿತ್ತು ನುಂಗುವ ಕೆಲಸವೂ ಇವುಗಳದೇ ಎಂದು ಬಾಸ್ಟನ್‌ನ ಬೆತ್ ಸ್ಟೀವನ್ಸ್ ತಂಡ ತೋರಿಸಿತು. ಹರೆಯದಲ್ಲಿ ಈ ಕೀಳುವಿಕೆ ಅತಿಯಾದರೆ ಸ್ಕಿಜೋಫ್ರೀನಿಯಾದ ಸಾಧ್ಯತೆ ಹೆಚ್ಚಬಹುದೆಂಬ ವಾದಕ್ಕೆ 2016ರ ಒಂದು ದೊಡ್ಡ ವಂಶವಾಹಿ ಅಧ್ಯಯನ ಬಲ ಕೊಟ್ಟಿತು.

ಇಲ್ಲಿಂದ ಮುಂದೆ ಮಾತು ಆಸ್ಪತ್ರೆಯದು.

ಮರೆಗುಳಿತನದ ಕಾಯಿಲೆಗೆ ಹೆಸರು ಕೊಟ್ಟ ಅಲೋಯ್ಸ್ ಆಲ್ಝೈಮರ್ 1907ರ ತನ್ನ ವರದಿಯಲ್ಲೇ ಗ್ಲಿಯಾಗಳಲ್ಲಿ ಕಂಡ ಬದಲಾವಣೆಗಳನ್ನು, ಅವುಗಳೊಳಗೆ ತುಂಬಿದ್ದ ಕೊಬ್ಬಿನ ಕಣಗಳನ್ನು ಬರೆದಿಟ್ಟಿದ್ದ. ನಂತರದವರು ಅವನು ಬರೆದ ಗಂಟುಗಳನ್ನೂ ಜಿಗುಟು ಕಲೆಗಳನ್ನೂ ನೆನಪಿಟ್ಟುಕೊಂಡು ಉಳಿದುದನ್ನು ಬಿಟ್ಟರು. ವಂಶವಾಹಿಗಳ ಶೋಧ ಆ ಬಿಟ್ಟ ಭಾಗಕ್ಕೇ ಮರಳಿ ಕರೆದೊಯ್ದಿದೆ. ಮುಪ್ಪಿನ ಆಲ್ಝೈಮರ್ಸ್‌ಗೆ ಅತ್ಯಂತ ಪ್ರಬಲ ಆನುವಂಶಿಕ ಅಪಾಯವೆನಿಸಿದ ಎಪಿಒಇ4 ವಂಶವಾಹಿಯ ಪ್ರೋಟೀನನ್ನು ಮಿದುಳಿನಲ್ಲಿ ಮುಖ್ಯವಾಗಿ ತಯಾರಿಸುವುದು ಆಸ್ಟ್ರೋಸೈಟ್. 2013ರಲ್ಲಿ ಎರಡು ತಂಡಗಳು ಪತ್ತೆಮಾಡಿದ ಟ್ರೆಮ್2 ವಂಶವಾಹಿಯ ಅಪರೂಪದ ರೂಪಾಂತರವೊಂದು ರೋಗದ ಸಾಧ್ಯತೆಯನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ. ಈ ವಂಶವಾಹಿ ಮಿದುಳಿನಲ್ಲಿ ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲಿ. ಹಾಗೆಂದು ಔಷಧ ಕೂಡಲೇ ಸಿಕ್ಕಿಬಿಡಲಿಲ್ಲ. ಟ್ರೆಮ್2 ಅನ್ನು ಚುರುಕುಗೊಳಿಸುವ ಪ್ರತಿಕಾಯವೊಂದು 2024ರಲ್ಲಿ ರೋಗಿಗಳ ಮೇಲಿನ ಎರಡನೇ ಹಂತದ ಪ್ರಯೋಗದಲ್ಲಿ ಸೋತಿತು.

ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕೂರಿಸಿದ ಎಎಲ್ಎಸ್ ಎಂಬುದು ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಅವು ಒಂಟಿಯಾಗಿ ಸಾಯುವುದಿಲ್ಲ ಎಂಬುದನ್ನು 2003ರ ಪ್ರಯೋಗವೊಂದು ತೋರಿಸಿತು. ದೋಷವುಳ್ಳ ವಂಶವಾಹಿ ಕೆಲವು ಕೋಶಗಳಲ್ಲಿ ಮಾತ್ರ ಇರುವ ಮಿಶ್ರ ಇಲಿಗಳನ್ನು ಅಮೆರಿಕದ ವಿಜ್ಞಾನಿಗಳು ಸೃಷ್ಟಿಸಿದ್ದರು. ದೋಷವಿಲ್ಲದ ನರಕೋಶಗಳು ದೋಷವುಳ್ಳ ನೆರೆಯವರ ನಡುವೆ ಹಾಳಾದವು. ದೋಷವುಳ್ಳ ನರಕೋಶಗಳು ಗ್ಲಿಯಾ ಸೇರಿದಂತೆ ಆರೋಗ್ಯವಂತ ನೆರೆಯವರ ನಡುವೆ ಹೆಚ್ಚು ಕಾಲ ಬಾಳಿದವು. ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾಶಾಸ್ತ್ರ ವಿಭಾಗ ಇದೇ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಹಿಡಿಯಿತು. ಎಎಲ್ಎಸ್ ರೋಗಿಗಳ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ ನೋಡಿದಾಗ, ಗ್ಲುಟಮೇಟನ್ನು ಹೀರಿಕೊಳ್ಳಲು ಗ್ಲಿಯಾ ಬಳಸುವ ಪ್ರೋಟೀನು ಕಡಿಮೆಯಾಗಿತ್ತು. ಟಿ. ಆರ್. ರಾಜು ಮತ್ತು ಸಹೋದ್ಯೋಗಿಗಳ ಈ ಕೆಲಸ 2007ರಲ್ಲಿ ಪ್ರಕಟವಾಯಿತು.

ಗ್ಲಿಯಾವನ್ನು ಗುರುತಿಸದೆ ಹೋದರೆ ರೋಗಿ ತೆರಬೇಕಾದ ಬೆಲೆ ಏನೆಂಬುದಕ್ಕೆ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಕಾಯಿಲೆಯೇ ಸಾಕ್ಷಿ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗುತ್ತದೆ, ಕಾಲಿನ ಬಲ ಹೋಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಕೆಲವರಿಗೆ ದಿನಗಟ್ಟಲೆ ಬಿಡದ ಬಿಕ್ಕಳಿಕೆಯೋ ವಾಂತಿಯೋ ಮೊದಲ ಲಕ್ಷಣ. ಅವರು ಹೊಟ್ಟೆಯ ಡಾಕ್ಟರ ಬಳಿಗೆ ಹೋಗುತ್ತಾರೆ. ರೋಗಿಗಳಲ್ಲಿ ಬಹುಪಾಲು ಹೆಂಗಸರು. ಫ್ರಾನ್ಸಿನ ಯೂಜೀನ್ ಡೆವಿಕ್ 1894ರಲ್ಲಿ ಇದನ್ನು ವಿವರಿಸಿದ್ದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆ ಎಂದೇ ಹೆಚ್ಚಿನವರು ಎಣಿಸಿದ್ದರು. ಎರಡರಲ್ಲೂ ಮಯಲಿನ್ ಹಾಳಾಗುತ್ತದೆ, ಸ್ಕ್ಯಾನ್‌ನಲ್ಲಿ ಎರಡೂ ಮೇಲ್ನೋಟಕ್ಕೆ ಹೋಲುತ್ತವೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ತಂಡ 2004ರಲ್ಲಿ ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಗುರುತಿಸಿತು. ಅದು ಯಾವುದರ ಮೇಲೆ ಎರಗುತ್ತದೆ ಎಂಬುದು ಮರುವರ್ಷ ತಿಳಿಯಿತು. ಅದರ ಗುರಿ ಮಯಲಿನ್ ಆಗಿರಲಿಲ್ಲ, ನರಕೋಶವೂ ಆಗಿರಲಿಲ್ಲ. ಆಸ್ಟ್ರೋಸೈಟ್‌ಗಳ ಮೈಮೇಲೆ ನೀರು ಒಳಹೊರಗೆ ಹಾಯಲು ಇರುವ ಅಕ್ವಪೋರಿನ್-4 ಎಂಬ ರಂಧ್ರಗಳೇ ಗುರಿ. ಮೊದಲು ಸಾಯುವುದು ಆಸ್ಟ್ರೋಸೈಟ್, ಮಯಲಿನ್ ಹಾಳಾಗುವುದು ಅದರ ಬೆನ್ನಿಗೆ. ಈ ತಿಳಿವಳಿಕೆ ಪುಸ್ತಕಕ್ಕೆ ಸೀಮಿತವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧಗಳು ಈ ರೋಗವನ್ನು ಉಲ್ಬಣಿಸಬಲ್ಲವು. ಕಾಯಿಲೆ ಯಾವುದೆಂದು ಸರಿಯಾಗಿ ಹೇಳುವ ರಕ್ತಪರೀಕ್ಷೆ ಕಣ್ಣು ಉಳಿಸಬಹುದು.

ಮಂಗಳೂರಿನಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗತಜ್ಞೆ ಡಾ. ಲೇಖಾ ಪಂಡಿತ್ ಈ ಬಗೆಯ ರೋಗಿಗಳ ದಾಖಲಾತಿಯೊಂದನ್ನು ಕಟ್ಟಿದ್ದಾರೆ. ಇಂಥ ಕಾಯಿಲೆಗಳು ಭಾರತದಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದರ ಬಗ್ಗೆ ಪ್ರಕಟವಾದ ತಿಳಿವಳಿಕೆಯಲ್ಲಿ ಆ ಮಂಗಳೂರು ದಾಖಲಾತಿಯ ಪಾಲು ದೊಡ್ಡದು. 2019ರಿಂದೀಚೆಗೆ ಈ ರೋಗಕ್ಕೆಂದೇ ಅಮೆರಿಕದಲ್ಲಿ ಮಂಜೂರಾದ ಹೊಸ ಔಷಧಗಳ ಬೆಲೆ ಇಲ್ಲಿನ ಹೆಚ್ಚಿನ ಕುಟುಂಬಗಳಿಗೆ ನಿಲುಕುವಂಥದ್ದಲ್ಲ. ರಿಟಕ್ಸಿಮ್ಯಾಬ್, ಅಜಥಿಯೋಪ್ರಿನ್‌ನಂಥ ಹಳೆಯ ಔಷಧಗಳನ್ನೇ ನಮ್ಮ ವೈದ್ಯರು ಹೆಚ್ಚಾಗಿ ನೆಚ್ಚಿಕೊಂಡಿದ್ದಾರೆ.

ಭಾರತಕ್ಕೆ ಇನ್ನೂ ಹತ್ತಿರದ, ಇನ್ನೂ ಹಳೆಯ ಗ್ಲಿಯಾ ರೋಗವೊಂದಿದೆ. ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟೆ. ಮಿದುಳು, ಬೆನ್ನುಹುರಿಗಳಾಚೆ ಕೈಕಾಲುಗಳಿಗೆ ಹಬ್ಬುವ ನರಗಳಿಗೆ ಮಯಲಿನ್ ಹೊದಿಸುವುದು ಶ್ವಾನ್ ಕೋಶ. ಅದೂ ಗ್ಲಿಯಾ ಕುಲದ್ದೇ. ಕುಷ್ಠರೋಗದ ಬ್ಯಾಕ್ಟೀರಿಯಾ ಬಿಡಾರ ಹೂಡಲು ಆರಿಸಿಕೊಳ್ಳುವುದು ಈ ಶ್ವಾನ್ ಕೋಶವನ್ನು. ಬೆರಳಿನ ಸ್ಪರ್ಶ ಹೋಗುವುದು, ಸುಟ್ಟರೂ ಗೊತ್ತಾಗದಿರುವುದು, ಗಾಯವಾಗಿ ಬೆರಳು ಮೊಂಡಾಗುವುದು ಎಲ್ಲವೂ ಅಲ್ಲಿಂದ ಶುರು. 2013ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು, ಈ ಬ್ಯಾಕ್ಟೀರಿಯಾ ಇಲಿಯ ಶ್ವಾನ್ ಕೋಶದ ವಂಶವಾಹಿಗಳನ್ನು ಹೊಸದಾಗಿ ಹೊಂದಿಸಿ ಅದನ್ನು ಮೂಲಕೋಶದಂಥ ಸ್ಥಿತಿಗೆ ಮರಳಿಸಬಲ್ಲದು ಎಂದು ತೋರಿಸಿದರು. ಹಾಗೆ ಬದಲಾದ ಕೋಶ ಬೇರೆ ಅಂಗಾಂಶಗಳಿಗೆ ಸಾಗಿ ಸೋಂಕನ್ನೂ ಜೊತೆಗೆ ಒಯ್ಯುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವು. ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಳಾದ ನರ ಮಾತ್ರ ಸುಲಭಕ್ಕೆ ಚೇತರಿಸುವುದಿಲ್ಲ.

ಮಂಡ್ಯ, ಕೋಲಾರದ ಕಡೆ ಮಿದುಳು ಜ್ವರ ಎಂದು ಜನ ಬಲ್ಲ ಜಪಾನೀಸ್ ಎನ್ಸೆಫಲೈಟಿಸ್‌ನಲ್ಲೂ ಮೈಕ್ರೋಗ್ಲಿಯಾದ ಪಾತ್ರವಿದೆ. ವೈರಸ್ ಮಾಡುವ ಹಾನಿಗೆ ಕೆರಳಿದ ಮೈಕ್ರೋಗ್ಲಿಯಾ ಸುರಿಸುವ ರಾಸಾಯನಿಕಗಳ ಹಾನಿಯೂ ಸೇರಿಕೊಳ್ಳುತ್ತದೆ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಅನಿರ್ಬನ್ ಬಸು ತಂಡ, ಮಿನೋಸೈಕ್ಲಿನ್ ಎಂಬ ಅಗ್ಗದ ಹಳೆಯ ಆ್ಯಂಟಿಬಯಾಟಿಕ್ ಈ ಕೆರಳಿಕೆಯನ್ನು ತಗ್ಗಿಸಿ ಸೋಂಕಿತ ಇಲಿಗಳನ್ನು ಉಳಿಸಿತೆಂದು ವರದಿ ಮಾಡಿತು. ಆಮೇಲೆ ಉತ್ತರ ಭಾರತದಲ್ಲಿ ರೋಗಿಗಳ ಮೇಲೂ ಅದರ ಪ್ರಯೋಗ ನಡೆಯಿತು.

ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಅತಿ ಕ್ರೂರವಾದ ಗ್ಲಯೋಬ್ಲಾಸ್ಟೋಮಾ ಕೂಡ ಗ್ಲಿಯಾ ಸಂತತಿಯದು. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲ ಕೊಟ್ಟರೂ ಅರ್ಧದಷ್ಟು ರೋಗಿಗಳು ಸುಮಾರು ಒಂದೂಕಾಲು ವರ್ಷದೊಳಗೆ ಸಾಯುತ್ತಾರೆ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಷೆಲ್ ಮೋಂಜೆ ತಂಡ ಮತ್ತು ಜರ್ಮನಿಯ ಹೈಡೆಲ್‌ಬರ್ಗ್‌ನ ತಂಡ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡವು: ನರಕೋಶಗಳು ಇಂಥ ಗೆಡ್ಡೆಯ ಕೋಶಗಳೊಂದಿಗೆ ನೇರವಾಗಿ ಸಿನಾಪ್ಸ್ ಬೆಸೆಯುತ್ತವೆ, ನರಗಳ ಚಟುವಟಿಕೆಯೇ ಗೆಡ್ಡೆಗೆ ಬೆಳೆಯುವ ಪ್ರಚೋದನೆ ಕೊಡುತ್ತದೆ. ಫಿಟ್ಸ್‌ಗೆ ಕೊಡುವ ಔಷಧವೊಂದು ಇಲಿಗಳಲ್ಲಿ ಈ ಬೆಳವಣಿಗೆಯನ್ನು ನಿಧಾನಿಸಿತು.

ಉತ್ಸಾಹ ಹೆಚ್ಚಿದಲ್ಲಿ ತಕರಾರೂ ಹುಟ್ಟುತ್ತದೆ. ನಿದ್ದೆಯಲ್ಲಿ ಮಿದುಳು ತನ್ನ ಕೊಳೆಯನ್ನು ತೊಳೆದುಕೊಳ್ಳುತ್ತದೆ, ಆ ನೀರಿನ ಹರಿವನ್ನು ಆಸ್ಟ್ರೋಸೈಟ್‌ಗಳು ನಿಭಾಯಿಸುತ್ತವೆ ಎಂದು ನೆಡರ್ಗಾರ್ಡ್ ತಂಡ 2012 ಮತ್ತು 2013ರಲ್ಲಿ ವರದಿ ಮಾಡಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. 2024ರಲ್ಲಿ ಲಂಡನ್‌ನ ತಂಡವೊಂದು ತಾನು ಅಳೆದಾಗ ನಿದ್ದೆ ಮತ್ತು ಅರಿವಳಿಕೆಯಲ್ಲಿ ಈ ತೊಳೆಯುವಿಕೆ ಹೆಚ್ಚುವ ಬದಲು ಕಡಿಮೆಯಾಯಿತು ಎಂದಿತು. ಅಳೆಯುವ ವಿಧಾನ ಸರಿಯೇ ತಪ್ಪೇ ಎಂಬ ವಾಗ್ವಾದ ಮುಂದುವರಿದಿದೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಎಷ್ಟು ನಿಜ ಎಂಬ ಪ್ರಶ್ನೆಯಂತೂ ಗ್ಲಿಯಾದ ಮಟ್ಟಿಗೆ ಇನ್ನೂ ಗಂಭೀರ. ಎರಡೂ ಪ್ರಾಣಿಗಳ ಆಸ್ಟ್ರೋಸೈಟ್‌ಗಳು ಗಾತ್ರದಲ್ಲೂ ರೂಪದಲ್ಲೂ ಬೇರೆ. ಸತ್ತವರ ಮಿದುಳನ್ನು ಕುಟುಂಬದವರ ಒಪ್ಪಿಗೆಯಿಂದ ಸಂಗ್ರಹಿಸಿಡುವ, ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವಂಥ ಮಿದುಳು ಬ್ಯಾಂಕುಗಳು ಬೇಕಾಗುವುದು ಇದಕ್ಕಾಗಿ.

ಇಷ್ಟರ ನಡುವೆಯೂ ಒಂದು ಕಾಯಿಲೆಯಲ್ಲಿ ಗ್ಲಿಯಾವನ್ನೇ ಬದಲಿಸುವ ಚಿಕಿತ್ಸೆ ರೋಗಿಗಳವರೆಗೆ ತಲುಪಿದೆ. ಸಿಎಸ್ಎಫ್1ಆರ್ ವಂಶವಾಹಿಯ ದೋಷದಿಂದ ಮೈಕ್ರೋಗ್ಲಿಯಾ ಕೆಡುವ ಅಪರೂಪದ ಆನುವಂಶಿಕ ರೋಗವದು. ನಡುವಯಸ್ಸಿನಲ್ಲಿ ಶುರುವಾಗಿ ನಡಿಗೆಯನ್ನೂ ಬುದ್ಧಿಯನ್ನೂ ಕೆಡಿಸಿ ಕೆಲವೇ ವರ್ಷಗಳಲ್ಲಿ ಕೊಲ್ಲುತ್ತದೆ. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಬೊ ಪೆಂಗ್ ಮತ್ತು ಸಹೋದ್ಯೋಗಿಗಳು ಎಂಟು ರೋಗಿಗಳಿಗೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕಸಿ ಮಾಡಿಸಿ, ಅದರಿಂದ ಹುಟ್ಟಿದ ಕೋಶಗಳು ಮಿದುಳಿನಲ್ಲಿ ಮೈಕ್ರೋಗ್ಲಿಯಾದ ಜಾಗಕ್ಕೆ ಬರುವಂತೆ ಮಾಡಿದರು. ಎರಡು ವರ್ಷಗಳ ಅವಧಿಯಲ್ಲಿ ರೋಗ ಮುಂದುವರಿಯಲಿಲ್ಲ ಎಂದು 2025ರಲ್ಲಿ ವರದಿಯಾಯಿತು. ಇಂಥ ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ಕಟು ಔಷಧಗಳಿಂದ ನಾಶಮಾಡಬೇಕು, ಅದರಲ್ಲೇ ಪ್ರಾಣಾಪಾಯವಿದೆ. ಅಷ್ಟು ಬೆಲೆ ತೆರದೆ ಇದೇ ಕೆಲಸವನ್ನು ಮಾಡುವ ದಾರಿಗಳನ್ನು, ಆಲ್ಝೈಮರ್ಸ್‌ನಂಥ ಸಾಮಾನ್ಯ ಕಾಯಿಲೆಗಳಿಗೂ ಒಗ್ಗಬಲ್ಲ ದಾರಿಗಳನ್ನು, ಹಲವು ಪ್ರಯೋಗಾಲಯಗಳು ಈಗ ಇಲಿಗಳಲ್ಲಿ ಹುಡುಕುತ್ತಿವೆ.